ಹರಿದ ಭುಜಕ್ಕೆ ಹೊಲಿಗೆ: ಕೊಯ್ದು ಮಾಡಿಸಬೇಕೆ, ಕೀಹೋಲ್ ಸಾಕೆ?

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಕೃಷಿಕರೊಬ್ಬರು ಮಗನ ಜೊತೆ ನನ್ನಲ್ಲಿಗೆ ಬಂದಿದ್ದರು. ವಯಸ್ಸು 61. ತೋಟದ ಕಾಲುವೆಗೆ ಹಾಕಿದ್ದ ಸಂಕ ದಾಟುವಾಗ ಪಾಚಿಯ ಮೇಲೆ ಕಾಲು ಜಾರಿ, ಬೀಳುವ ರಭಸಕ್ಕೆ ಬಲಗೈ ಊರಿದ್ದರು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ. ‘ಉಳುಕಿರಬೇಕು’ ಎಂದು ಮೂರು ವಾರ ಎಣ್ಣೆ ತಿಕ್ಕಿಸಿಕೊಂಡರು. ನೋವು ಸ್ವಲ್ಪ ಇಳಿಯಿತು. ಕೈ ಮಾತ್ರ ಮೇಲೇಳಲಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ಭುಜದ ಮಟ್ಟಕ್ಕೆ ತಂದು ಬಿಟ್ಟರೆ ಅದು ಒಣಗಿದ ಸೋಗೆಯ ಹಾಗೆ ಕೆಳಕ್ಕೆ ಬೀಳುತ್ತಿತ್ತು.

ನನ್ನಲ್ಲಿಗೆ ಬರುವ ಮೊದಲು ಮೂವರು ವೈದ್ಯರನ್ನು ಕಂಡಿದ್ದರು. ಒಬ್ಬರು ಕೀಹೋಲ್ ಆಪರೇಷನ್ ಆಗಬೇಕೆಂದರು. ಇನ್ನೊಬ್ಬರು ಸಣ್ಣಗೆ ಕೊಯ್ದು ಹೊಲಿಯೋಣ, ಖರ್ಚೂ ಕಡಿಮೆ ಎಂದರು. ಮೂರನೆಯವರು ಈ ವಯಸ್ಸಿಗೆ ಆಪರೇಷನ್ ಏಕೆ, ವ್ಯಾಯಾಮ ಮಾಡಿ ಎಂದು ಕಳಿಸಿದ್ದರು. ‘ಡಾಕ್ಟ್ರೇ, ಮೂರು ಜನ ಮೂರು ಥರ ಹೇಳ್ತಾರೆ. ಯಾವುದು ಒಳ್ಳೇದೋ ಅದನ್ನೇ ನೀವು ಹೇಳಿಬಿಡಿ’ ಎಂದ ಮಗ. ತಂದೆಯ ಪ್ರಶ್ನೆಯೇ ಬೇರೆ: ‘ನಮ್ಮಕ್ಕನಿಗೂ ಭುಜದಲ್ಲಿ ಹೀಗೇ ಹರಿದಿದೆ ಅಂತ ಸ್ಕ್ಯಾನಿನಲ್ಲಿ ಬಂದಿತ್ತು. ಎರಡು ವರ್ಷ ಆಯ್ತು, ಆಪರೇಷನ್ ಇಲ್ಲದೇ ಆರಾಮಾಗಿದ್ದಾಳೆ. ನನಗೊಬ್ಬನಿಗೆ ಯಾಕೆ?’

ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ. ಭುಜದ ನೋವಿಗೆ ಎಂಆರ್‌ಐ ಮಾಡಿಸುವುದು ಹೆಚ್ಚಾದಂತೆ ‘ಹರಿದಿದೆ’ ಎಂಬ ವರದಿ ಹಿಡಿದು ಗಾಬರಿಯಿಂದ ಬರುವವರೂ ಹೆಚ್ಚಿದ್ದಾರೆ. ಆದ್ದರಿಂದ ಈ ವಾರ ಈ ವಿಷಯವನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಹರಿಯುವುದು ಯಾವುದು?

ಭುಜದ ಕೀಲಿನಲ್ಲಿ ತೋಳಿನ ಮೂಳೆಯ ದುಂಡನೆಯ ತಲೆ, ರೆಕ್ಕೆಮೂಳೆಯ ಒಂದು ಚಪ್ಪಟೆ ಬಟ್ಟಲಿಗೆ ತಾಗಿಕೊಂಡಿರುತ್ತದೆ. ಬಟ್ಟಲು ಎಂದರೆ ಅನ್ನದ ಬಟ್ಟಲಲ್ಲ, ಚಹಾ ಕಪ್ಪಿನ ಸಾಸರ್ ಎನ್ನಬಹುದು. ಸಾಸರಿನ ಮೇಲೆ ಕಿತ್ತಳೆ ಹಣ್ಣು ಇಟ್ಟಂತೆ. ಹೀಗೆ ಆಳವಿಲ್ಲದ್ದರಿಂದಲೇ ನಮ್ಮ ಕೈ ಇಷ್ಟು ದಿಕ್ಕಿಗೆ ತಿರುಗುತ್ತದೆ. ಆ ಕಿತ್ತಳೆ ಜಾರದಂತೆ ಹಿಡಿದಿಡುವವು ನಾಲ್ಕು ಸ್ನಾಯುಗಳು. ರೆಕ್ಕೆಮೂಳೆಯಿಂದ ಹೊರಟ ಇವು ತುದಿಯಲ್ಲಿ ಬಿಳಿಯ ಗಟ್ಟಿ ಪಟ್ಟಿಗಳಾಗಿ ತೋಳಿನ ಮೂಳೆಯ ತಲೆಯನ್ನು ಮುಂದೆ, ಮೇಲೆ, ಹಿಂದೆ ತಬ್ಬಿಕೊಂಡಿರುತ್ತವೆ. ಈ ಬಿಳಿ ಪಟ್ಟಿಯೇ ಸ್ನಾಯುರಜ್ಜು. ನಾಲ್ಕೂ ಸೇರಿದ ಹೊದಿಕೆಗೆ ‘ರೊಟೇಟರ್ ಕಫ್’ ಎಂದು ಹೆಸರು. ಅಂಗಿಯ ತೋಳಿನ ಕಫ್ ಇದ್ದಂತೆಯೇ ಎಂದು ತಿಳಿಯಿರಿ.

ಇವುಗಳಲ್ಲಿ ಹೆಚ್ಚಾಗಿ ಹರಿಯುವುದು ಮೇಲಿನದು, ಸುಪ್ರಾಸ್ಪೈನೇಟಸ್. ಅದು ‘ಅಕ್ರೋಮಿಯನ್’ ಎಂಬ ಮೂಳೆಯ ಚಾವಣಿಯ ಕೆಳಗೆ ಇಕ್ಕಟ್ಟಿನಲ್ಲಿ ಹಾದುಹೋಗುತ್ತದೆ. ವಯಸ್ಸಾದಂತೆ ಅದರ ಎಳೆಗಳು ಹಳೆಯ ಪಂಚೆಯ ಅಂಚಿನಂತೆ ಸವೆಯುತ್ತವೆ. ಒಂದು ದಿನ ಮೇಲಿನ ಅಟ್ಟದಿಂದ ಪಾತ್ರೆ ಇಳಿಸುವಾಗಲೋ, ಏನೂ ಕಾರಣವಿಲ್ಲದೆಯೋ ತೂತು ಬೀಳುತ್ತದೆ. ಇದು ಸವೆತದ ಹರುಕು. ಗಟ್ಟಿಯಾಗಿದ್ದ ರಜ್ಜು ಬಿದ್ದ ಪೆಟ್ಟಿಗೆ ಮೂಳೆಯಿಂದ ಒಮ್ಮೆಲೇ ಕಿತ್ತುಬರುವುದು ಪೆಟ್ಟಿನ ಹರುಕು. ನಮ್ಮ ಕೃಷಿಕರದ್ದು ಎರಡನೆಯದು, ಅವರ ಅಕ್ಕನದು ಮೊದಲನೆಯದು. ವರದಿಯಲ್ಲಿ ಇಬ್ಬರಿಗೂ ಒಂದೇ ಪದ ಬರೆದಿರುತ್ತಾರೆ. ಕಾಯಿಲೆ ಒಂದೇ ಅಲ್ಲ.

ಇನ್ನೊಂದು ಮಾತು. 60 ದಾಟಿದವರ ಭುಜವನ್ನು ಸ್ಕ್ಯಾನ್ ಮಾಡಿದರೆ, ಯಾವ ನೋವೂ ಇಲ್ಲದವರಲ್ಲೂ ಹರುಕು ಕಾಣುವುದು ಅಪರೂಪವೇನಲ್ಲ. ಸ್ಕ್ಯಾನಿನಲ್ಲಿ ಕಂಡದ್ದಕ್ಕೆಲ್ಲ ಆಪರೇಷನ್ ಮಾಡುತ್ತಾ ಹೋದರೆ ಊರಿನ ಅರ್ಧ ಹಿರಿಯರು ಕೈಗೆ ಜೋಳಿಗೆ ಕಟ್ಟಿಕೊಂಡು ಕೂರಬೇಕಾದೀತು.

ಅಕ್ಕನಿಗೆ ವ್ಯಾಯಾಮ, ತಮ್ಮನಿಗೆ ಹೊಲಿಗೆ

ಸವೆತದಿಂದಾದ ಸಣ್ಣ ಹರುಕಿಗೆ ಮೊದಲು ಮಾಡಬೇಕಾದದ್ದು ವ್ಯಾಯಾಮವೇ. ಉಳಿದ ಮೂರು ಸ್ನಾಯುಗಳನ್ನೂ, ಹೊರಗಿನ ದೊಡ್ಡ ಡೆಲ್ಟಾಯ್ಡ್ ಸ್ನಾಯುವನ್ನೂ ಬಲಪಡಿಸಿದರೆ ಅವು ಹರಿದದ್ದರ ಕೆಲಸವನ್ನು ಹಂಚಿಕೊಳ್ಳುತ್ತವೆ. ಅಮೆರಿಕದ ಒಂದು ವೈದ್ಯರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೆಟ್ಟಿಲ್ಲದೆ ಪೂರ್ತಿ ದಪ್ಪ ಹರಿದವರಿಗೆ ಕ್ರಮಬದ್ಧ ಫಿಸಿಯೋಥೆರಪಿ ಕೊಟ್ಟು ಎರಡು ವರ್ಷ ಗಮನಿಸಿದಾಗ, ನಾಲ್ವರಲ್ಲಿ ಮೂವರು ಆಪರೇಷನ್ ಇಲ್ಲದೆ ಉಳಿದರು. ಫಿನ್ಲೆಂಡಿನಲ್ಲಿ ಇಂಥ ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ ನೋಡಿದಾಗಲೂ ಎರಡು ವರ್ಷದ ಕೊನೆಗೆ ಹೊಲಿಸಿಕೊಂಡವರು ವ್ಯಾಯಾಮ ಮಾಡಿದವರಿಗಿಂತ ಗಣನೀಯವಾಗಿ ಮುಂದಿರಲಿಲ್ಲ. ಆದರೆ ನಾರ್ವೆಯ ವೈದ್ಯರು ಇಷ್ಟಕ್ಕೇ ನಿಲ್ಲಿಸದೆ ಹತ್ತು ವರ್ಷ ಕಾದರು. ಐದು, ಹತ್ತು ವರ್ಷಗಳಾಗುವಾಗ ಹೊಲಿಸಿಕೊಂಡವರದೇ ಮೇಲುಗೈ. ಹೊಲಿಯದ ಹರುಕು ಕೆಲವರಲ್ಲಿ ನಿಧಾನವಾಗಿ ದೊಡ್ಡದಾಗುತ್ತಾ ಹೋಗುವುದೇ ಇದಕ್ಕೆ ಕಾರಣ. ಆದ್ದರಿಂದ 66ರ ಅಕ್ಕನಿಗೆ ವ್ಯಾಯಾಮ ಸರಿ. 48ರ ಬಡಗಿಗೋ ಪೇಂಟರಿಗೋ ಅದೇ ಉತ್ತರ ಕೊಡಲು ನಾನು ಹಿಂಜರಿಯುತ್ತೇನೆ.

ಪೆಟ್ಟಿನ ಹರುಕಿನ ಲೆಕ್ಕ ಬೇರೆ. ನಿನ್ನೆಯವರೆಗೆ ಸರಿಯಿದ್ದ ಕೈ ಬಿದ್ದ ಮೇಲೆ ಏಳುತ್ತಿಲ್ಲವೆಂದರೆ ಕಾಯುವಂತಿಲ್ಲ. ಮೂಳೆಯಿಂದ ಕಿತ್ತ ರಜ್ಜು ರಬ್ಬರ್ ಪಟ್ಟಿಯಂತೆ ಹಿಂದಕ್ಕೆ ಸರಿಯುತ್ತದೆ. ಕೆಲಸವಿಲ್ಲದ ಸ್ನಾಯು ತಿಂಗಳುಗಳು ಕಳೆದಂತೆ ಸೊರಗಿ, ಅದರ ಜಾಗದಲ್ಲಿ ಕೊಬ್ಬು ತುಂಬುತ್ತದೆ. ಫ್ರಾನ್ಸಿನ ಗೂಟಾಲಿಯೇ ಮತ್ತು ಸಂಗಡಿಗರು 1994ರಲ್ಲಿ ಈ ಕೊಬ್ಬನ್ನು ಸ್ಕ್ಯಾನಿನಲ್ಲಿ ನೋಡಿ ಸೊನ್ನೆಯಿಂದ ನಾಲ್ಕರವರೆಗೆ ದರ್ಜೆ ಕೊಡುವ ಕ್ರಮ ತಂದರು. ನಾವು ಇಂದಿಗೂ ಎಂಆರ್‌ಐನಲ್ಲಿ ಮೊದಲು ಹುಡುಕುವುದು ಅದನ್ನೇ. ಅರ್ಧಕ್ಕರ್ಧ ಕೊಬ್ಬಾದ ಸ್ನಾಯುವನ್ನು ಎಷ್ಟು ಚೆನ್ನಾಗಿ ಹೊಲಿದರೂ ಅದು ಮತ್ತೆ ಮಾಂಸವಾಗುವುದಿಲ್ಲ. ಎಣ್ಣೆ ತಿಕ್ಕಿದ ಆ ಮೂರು ವಾರ ನನಗೆ ಚಿಂತೆ ಹಚ್ಚಿದ್ದು ಈ ಕಾರಣಕ್ಕೆ. ಪುಣ್ಯಕ್ಕೆ ಅವರ ಸ್ನಾಯು ಇನ್ನೂ ಕೆಂಪಗೇ ಇತ್ತು.

ಹೊಲಿಯುವ ಮೂರು ದಾರಿ

ಈ ರಜ್ಜುವನ್ನು ಹೊಲಿಯಬಹುದೆಂದು ಮೊದಮೊದಲು ತೋರಿಸಿದವರಲ್ಲಿ ಒಬ್ಬರು ಅಮೆರಿಕದ ಬಾಸ್ಟನ್ ನಗರದ ಅರ್ನೆಸ್ಟ್ ಕಾಡ್‌ಮನ್, 1909ರಲ್ಲಿ. ಈ ಮನುಷ್ಯನಿಗೆ ಒಂದು ಹಟವಿತ್ತು. ಆಪರೇಷನ್ ಮಾಡಿದ ಪ್ರತಿಯೊಬ್ಬ ರೋಗಿಯನ್ನೂ ವರ್ಷದ ನಂತರ ಹುಡುಕಿ ಗುಣವಾಯಿತೇ ಎಂದು ಕೇಳಿ ಬರೆದಿಡಬೇಕು, ತಪ್ಪಾಗಿದ್ದರೆ ಅದನ್ನೂ ಬರೆಯಬೇಕು ಎನ್ನುತ್ತಿದ್ದರು. ಜೊತೆಗಾರ ವೈದ್ಯರಿಗೆ ಇದು ರುಚಿಸಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಕಾಡ್‌ಮನ್ನರ ನಂತರ ಬಹುಕಾಲ ನಡೆದದ್ದು ತೆರೆದ ಶಸ್ತ್ರಚಿಕಿತ್ಸೆ. ಭುಜದ ಮೇಲೆ ಉದ್ದಕ್ಕೆ ಕೊಯ್ದು, ಡೆಲ್ಟಾಯ್ಡ್ ಸ್ನಾಯುವಿನ ಒಂದು ಭಾಗವನ್ನು ಅಕ್ರೋಮಿಯನ್‌ನಿಂದ ಬಿಡಿಸಿ, ಒಳಗೆ ಹೋಗಿ ರಜ್ಜುವನ್ನು ಎಳೆದು ತಂದು, ಮೂಳೆಯಲ್ಲಿ ಸಣ್ಣ ಸುರಂಗ ಕೊರೆದು ದಾರ ಪೋಣಿಸಿ ಬಿಗಿಯುವುದು. ಎಲ್ಲವೂ ಕಣ್ಣೆದುರಿಗೇ ಕಾಣುತ್ತದೆ, ಹೊಲಿಗೆ ಭದ್ರ. ತೊಂದರೆಯೆಂದರೆ, ಒಳಮನೆಗೆ ಹೋಗಲು ಹೆಬ್ಬಾಗಿಲನ್ನೇ ಕಿತ್ತಂತೆ. ಬಿಡಿಸಿದ ಡೆಲ್ಟಾಯ್ಡ್ ಸರಿಯಾಗಿ ಕೂಡದಿದ್ದರೆ ಕೈ ಎತ್ತುವ ಮುಖ್ಯ ಶಕ್ತಿಯೇ ಹೋಗುತ್ತದೆ. ಹೀಗಾದ ಭುಜವನ್ನು ಸರಿಪಡಿಸುವುದು ಬಹಳ ಕಷ್ಟ.

ಎರಡನೆಯದು ‘ಮಿನಿ ಓಪನ್’. ಇಲ್ಲಿ ಡೆಲ್ಟಾಯ್ಡನ್ನು ಕತ್ತರಿಸುವುದಿಲ್ಲ. ಅದರ ಎಳೆಗಳನ್ನು ಹುಲ್ಲು ಸರಿಸಿದಂತೆ ಎರಡು ಬದಿಗೆ ಸರಿಸಿ, ಮೂರು ನಾಲ್ಕು ಸೆಂಟಿಮೀಟರ್ ಕಿಂಡಿಯಿಂದ ಕೆಲಸ ಮುಗಿಸುತ್ತಾರೆ. ಅಕ್ರೋಮಿಯನ್ ಅಂಚಿನಿಂದ ಸುಮಾರು ಐದು ಸೆಂಟಿಮೀಟರ್ ಕೆಳಗೆ ಡೆಲ್ಟಾಯ್ಡಿಗೆ ಜೀವ ಕೊಡುವ ನರ ಅಡ್ಡ ಹಾಯುತ್ತದೆ. ಕಿಂಡಿ ಅಲ್ಲಿಯವರೆಗೆ ಇಳಿಯಬಾರದು.

ಮೂರನೆಯದೇ ಆರ್ಥ್ರೋಸ್ಕೋಪಿ, ಜನರ ಬಾಯಲ್ಲಿ ಕೀಹೋಲ್. ಟೋಕಿಯೋದ ಕೆಂಜಿ ತಾಕಾಗಿ 1918ರಲ್ಲಿ ಮೂತ್ರಕೋಶ ನೋಡುವ ಕೊಳವೆಯನ್ನು ಮೃತದೇಹದ ಮಂಡಿಯೊಳಗೆ ತೂರಿಸಿ ನೋಡಿದ್ದರಿಂದ ಈ ಕಥೆ ಆರಂಭವಾಗುತ್ತದೆ. ಭುಜದ ಹೊಲಿಗೆಗೆ ಅದು ಬಳಕೆಯಾದದ್ದು ಬಹಳ ತಡವಾಗಿ, 1990ರ ದಶಕದಲ್ಲಿ. ಮೂರರಿಂದ ಐದು ಸಣ್ಣ ತೂತು. ಒಂದರಲ್ಲಿ ಪೆನ್ಸಿಲ್ಲಿಗಿಂತ ಸಪೂರವಾದ ಕ್ಯಾಮೆರಾ ಕೊಳವೆ, ಮಿಕ್ಕವುಗಳಲ್ಲಿ ಉಪಕರಣ. ಒಳಗೆ ಸಲೈನ್ ನೀರು ಹರಿಸಿ ಜಾಗ ಹಿಗ್ಗಿಸಿ, ಟಿ.ವಿ. ಪರದೆ ನೋಡುತ್ತಾ ಹೊಲಿಯಬೇಕು. ಸುರಂಗದ ಬದಲು ‘ಆಂಕರ್’ ಎಂಬ ಪುಟ್ಟ ಮೊಳೆಯನ್ನು ಮೂಳೆಗೆ ಕೂರಿಸುತ್ತಾರೆ. ದಾರ ಅದರಲ್ಲೇ ಪೋಣಿಸಿರುತ್ತದೆ. ಟೈಟಾನಿಯಮ್ ಲೋಹದವು, ಗಟ್ಟಿ ಪ್ಲಾಸ್ಟಿಕ್ಕಿನವು, ಕಾಲಕ್ರಮೇಣ ಕರಗುವವು ಎಂದು ಹಲವು ಬಗೆ. ಡೆಲ್ಟಾಯ್ಡಿಗೆ ಧಕ್ಕೆಯಿಲ್ಲ, ಕಲೆ ಕಡಿಮೆ, ಸೋಂಕಿನ ಭಯ ಕಡಿಮೆ, ಕೀಲಿನ ಒಳಗಿನ ಬೇರೆ ದೋಷವೂ ಕಾಣುತ್ತದೆ. ಆದರೆ ಕಲಿಯಲು ವರ್ಷಗಳು ಬೇಕು. ಆಂಕರಿಗೆ ಒಂದೊಂದಕ್ಕೂ ಬೇರೆ ಬೆಲೆಯಾದ್ದರಿಂದ ಬಿಲ್ಲೂ ಏರುತ್ತದೆ.

ಪಂದ್ಯದಲ್ಲಿ ಗೆದ್ದವರು ಯಾರು?

ಕೀಹೋಲೇ ಮೇಲು ಎಂದು ಸಹಜವಾಗಿ ತೋರುತ್ತದೆ. ನನಗೂ ಹಾಗೇ ಅನಿಸಿತ್ತು. ಬ್ರಿಟನ್ನಿನ ವೈದ್ಯರು ಇದನ್ನು ಪರೀಕ್ಷಿಸಿಯೇ ನೋಡೋಣವೆಂದು ಆಕ್ಸ್‌ಫರ್ಡ್ ನೇತೃತ್ವದಲ್ಲಿ 2007ರಿಂದ 2012ರವರೆಗೆ 50 ವಯಸ್ಸು ದಾಟಿದ, ಸವೆತದ ಹರುಕಿದ್ದ 273 ಮಂದಿಯನ್ನು ಆರಿಸಿಕೊಂಡರು. ಅರ್ಧದಷ್ಟು ಜನರಿಗೆ ಕೀಹೋಲ್, ಇನ್ನರ್ಧಕ್ಕೆ ತೆರೆದ ಶಸ್ತ್ರಚಿಕಿತ್ಸೆ. ಯಾರಿಗೆ ಯಾವುದೆಂದು ನಿರ್ಧರಿಸಿದ್ದು ವೈದ್ಯರಲ್ಲ, ಕಂಪ್ಯೂಟರ್ ಚೀಟಿ. ಅಂಗಿ ತೊಡುವುದು, ತಲೆ ಬಾಚುವುದು, ರಾತ್ರಿ ನಿದ್ದೆ ಇಂಥ 12 ಪ್ರಶ್ನೆಗಳಿಗೆ ಒಟ್ಟು 48 ಅಂಕ. ಆಪರೇಷನ್ನಿಗೆ ಮೊದಲು ಎರಡೂ ಗುಂಪಿನ ಸರಾಸರಿ 25ರ ಆಸುಪಾಸು. ಎರಡು ವರ್ಷದ ನಂತರ ಕೀಹೋಲಿನವರಿಗೆ 41.7, ತೆರೆದವರಿಗೆ 41.5. ಅಂದರೆ ಸಮ ಸಮ! ಒಟ್ಟು ಖರ್ಚಿನಲ್ಲೂ ಅಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ.

ಇದಕ್ಕಿಂತ ಯೋಚನೆಗೆ ಹಚ್ಚುವ ಅಂಶ ಮುಂದಿದೆ. ವರ್ಷದ ನಂತರ ಸ್ಕ್ಯಾನ್ ಮಾಡಿದಾಗ ಕೀಹೋಲ್ ಗುಂಪಿನಲ್ಲಿ ಶೇ 46, ತೆರೆದ ಗುಂಪಿನಲ್ಲಿ ಶೇ 39ರಷ್ಟು ಜನರ ಹೊಲಿಗೆ ಮತ್ತೆ ಬಿಟ್ಟುಕೊಂಡಿತ್ತು. ಇವೆರಡರ ನಡುವಿನ ಅಂತರ ಆಕಸ್ಮಿಕವೂ ಇರಬಹುದಾದಷ್ಟು ಚಿಕ್ಕದು. ಆದರೆ ಯಾವ ದಾರಿಯಲ್ಲಿ ಹೋದರೂ ಐವರಲ್ಲಿ ಇಬ್ಬರ ಹೊಲಿಗೆ ನಿಲ್ಲಲಿಲ್ಲವೆಂಬುದು ಸಣ್ಣ ಮಾತಲ್ಲ. ಮತ್ತೂ ವಿಚಿತ್ರವೆಂದರೆ, ಹಾಗೆ ಬಿಟ್ಟುಕೊಂಡವರಲ್ಲೂ ನೋವು ಮೊದಲಿಗಿಂತ ಬಹಳ ತಗ್ಗಿತ್ತು! ಕೂಡಿಕೊಂಡವರ ಅಂಕ ಇನ್ನೂ ಹೆಚ್ಚು, ನಿಜ. ಇದಕ್ಕೂ ಮೊದಲು, 2004ರಲ್ಲಿ ಅಮೆರಿಕದಿಂದ ಬಂದ ವರದಿಯೊಂದರಲ್ಲಿ ದೊಡ್ಡ ಹರುಕನ್ನು ಕೀಹೋಲಿನಲ್ಲಿ ಹೊಲಿದ 18 ಜನರಲ್ಲಿ 17 ಮಂದಿಯ ಹೊಲಿಗೆ ಬಿಟ್ಟಿತ್ತು. ಆದರೂ ವರ್ಷ ಕಳೆದಾಗ ರೋಗಿಗಳು ಸಮಾಧಾನದಿಂದಿದ್ದರು. ಕಾಡ್‌ಮನ್ ಇದ್ದಿದ್ದರೆ ಮೀಸೆಯಡಿ ನಗುತ್ತಿದ್ದರೇನೋ.

ನೋವು ಹೋಗುವುದೇ ಬೇರೆ, ಬಲ ಬರುವುದೇ ಬೇರೆ. ನಿದ್ದೆ ಬಂದರೆ ಸಾಕೆನ್ನುವ ಹಿರಿಯರಿಗೆ ಹೊಲಿಗೆ ಭಾಗಶಃ ನಿಂತರೂ ನಡೆಯುತ್ತದೆ. ಭಾರ ಎತ್ತಿ ದುಡಿಯಬೇಕಾದವನಿಗೆ ಅದು ಪೂರ್ತಿ ಕೂಡಿಕೊಳ್ಳಬೇಕು.

ಒಂದು ಸಾಲೋ, ಎರಡು ಸಾಲೋ

ಹೊಲಿಗೆ ಬಿಡುವುದನ್ನು ತಪ್ಪಿಸಲು ಬಂದದ್ದು ‘ಡಬಲ್ ರೋ’ ವಿಧಾನ. ರಜ್ಜುವಿನ ಅಂಚನ್ನು ಒಂದು ಸಾಲು ಆಂಕರಿನಿಂದ ಮೂಳೆಗೆ ಸಿಕ್ಕಿಸುವುದು ಹಳೆಯ ಕ್ರಮ. ಎರಡು ಸಾಲು ಹಾಕಿದರೆ ರಜ್ಜು ತನ್ನ ಮೂಲ ಅಗಲಕ್ಕೆ ಮೂಳೆಗೆ ಒತ್ತಿಕೊಂಡಿರುತ್ತದೆ. ಚೀಲದ ಬಾಯಿಗೆ ಒಂದು ಹೊಲಿಗೆಯ ಬದಲು ಎರಡು ಹಾಕಿದಂತೆ. 2006ರ ನಂತರ ಈ ಎರಡು ಸಾಲುಗಳ ದಾರವನ್ನು ಅಡ್ಡಡ್ಡ ಸೇತುವೆಯಂತೆ ಹಾಯಿಸಿ ಬಿಗಿಯುವ ಕ್ರಮ ಜನಪ್ರಿಯವಾಯಿತು. ಪ್ರಯೋಗಾಲಯದಲ್ಲಿ ಎಳೆದು ನೋಡಿದಾಗ ಇದೇ ಗಟ್ಟಿ. ಮನುಷ್ಯರಲ್ಲಿ ಒಂದರಿಂದ ಮೂರು ಸೆಂಟಿಮೀಟರಿನ ಹರುಕಿಗೆ ಅಂಥ ಲಾಭವೇನೂ ಕಂಡಿಲ್ಲ. ಮೂರು ಸೆಂಟಿಮೀಟರಿಗೆ ಮೇಲ್ಪಟ್ಟದ್ದಕ್ಕೆ ಮರು ಹರಿಯುವುದು ಕಡಿಮೆ. ಒಂದು ಅಪಾಯವನ್ನೂ ಹೇಳಬೇಕು. ಎರಡು ಸಾಲಿನ ಹೊಲಿಗೆ ಬಿಟ್ಟರೆ ಅದು ಒಳಭಾಗದಲ್ಲಿ, ಸ್ನಾಯುವೂ ರಜ್ಜುವೂ ಕೂಡುವೆಡೆ ಬಿಡುವುದುಂಟು. ಆಗ ಮತ್ತೆ ಹೊಲಿಯಲು ಅಂಚೇ ಉಳಿದಿರುವುದಿಲ್ಲ. ಆಂಕರಿನ ಸಂಖ್ಯೆ, ಅದರೊಂದಿಗೆ ಬಿಲ್ಲು, ಎರಡೂ ಇಲ್ಲಿ ಜಾಸ್ತಿ. ಸಣ್ಣ ಹರುಕಿಗೆ ನಾಲ್ಕು ಆಂಕರು ಎಂದರೆ ಏಕೆಂದು ಕೇಳಲು ಸಂಕೋಚ ಬೇಡ.

ಅಕ್ರೋಮಿಯನ್ ಮೂಳೆಯ ಅಡಿಭಾಗ ಕೆರೆದು ಜಾಗ ಮಾಡುವ ರೂಢಿಯೂ ಇದೆ. 1972ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ನೀರ್ ಇದನ್ನು ವಿವರಿಸಿದ ಮೇಲೆ ಎಲ್ಲರೂ ಕೆರೆದವರೇ. ಆದರೆ 2018ರಲ್ಲಿ ಬ್ರಿಟನ್ ಮತ್ತು ಫಿನ್ಲೆಂಡಿನಿಂದ ಬಂದ ಎರಡು ಅಧ್ಯಯನಗಳಲ್ಲಿ, ಪೂರ್ತಿ ಹರಿಯದೆ ಬರೀ ನೋವಿದ್ದವರಿಗೆ ಮೂಳೆ ಕೆರೆದರೂ, ಕ್ಯಾಮೆರಾ ತೂರಿಸಿ ಸುಮ್ಮನೆ ಹೊರಬಂದರೂ ಫಲ ಒಂದೇ ಎಂದು ಕಂಡಿತು. ಹೀಗಾಗಿ ‘ಮೂಳೆ ಬೆಳೆದಿದೆ, ಕೆರೆಯಬೇಕು’ ಎಂಬ ಒಂದೇ ಕಾರಣಕ್ಕೆ ಆಪರೇಷನ್ನಿಗೆ ಒಪ್ಪುವ ಮೊದಲು ಇನ್ನೊಬ್ಬರನ್ನೂ ಕೇಳಿ.

ಹೊಲಿಯಲಾಗದಷ್ಟು ದೊಡ್ಡ ಹರುಕಿಗೆ ತೊಡೆಯ ಪೊರೆಯನ್ನು ತಂದು ಹೊದಿಸುವುದು, ಬೆನ್ನಿನ ಸ್ನಾಯುವನ್ನು ತಿರುಗಿಸಿ ಜೋಡಿಸುವುದು ಇತ್ಯಾದಿ ಉಪಾಯಗಳಿವೆ. ಭುಜದೊಳಗೆ ಬಲೂನು ಇಡುವುದು ಕೆಲಕಾಲ ಸುದ್ದಿಯಾಗಿತ್ತು. 2022ರ ಬ್ರಿಟಿಷ್ ಅಧ್ಯಯನದಲ್ಲಿ ಬಲೂನು ಇಟ್ಟವರಿಗಿಂತ ಇಡದವರೇ ಚೆನ್ನಾಗಿದ್ದರು. ಹರುಕಿನ ಜೊತೆ ಕೀಲೂ ಸವೆದ ವೃದ್ಧರಿಗೆ ಫ್ರಾನ್ಸಿನ ಪಾಲ್ ಗ್ರಾಮೋಂ 1985ರಲ್ಲಿ ರೂಪಿಸಿದ ತಿರುವು ಮುರುವು ಕೃತಕ ಕೀಲು ಇದೆ. ಗುಂಡು ಇದ್ದಲ್ಲಿ ಬಟ್ಟಲು, ಬಟ್ಟಲಿದ್ದಲ್ಲಿ ಗುಂಡು. ಅದರ ವಿಷಯ ಇನ್ನೊಂದು ವಾರ ಬರೆಯುವಷ್ಟಿದೆ.

ಹೊಲಿದ ಮೇಲೆ

ಆಪರೇಷನ್ ನಮ್ಮ ಕೈಯಲ್ಲಿ ಒಂದೆರಡು ಗಂಟೆ; ಮಿಕ್ಕ ಆರು ತಿಂಗಳು ರೋಗಿಯ ಕೈಯಲ್ಲಿ. ರಜ್ಜು ಮೂಳೆಗೆ ಬೆಸೆಯಲು ಮೂರು ತಿಂಗಳಾದರೂ ಬೇಕು. ಮೊದಲ ನಾಲ್ಕರಿಂದ ಆರು ವಾರ ತೋಳನ್ನು ಜೋಳಿಗೆಯಲ್ಲಿಡಬೇಕು. ಬಾಗಿ ನಿಂತು ಕೈಯನ್ನು ಗಡಿಯಾರದ ಲೋಲಕದಂತೆ ತೂಗಾಡಿಸುವುದು, ಇನ್ನೊಬ್ಬರು ಎತ್ತಿಸುವುದು ಇಷ್ಟೇ. ಲೋಲಕದ ವ್ಯಾಯಾಮಕ್ಕೂ ಕಾಡ್‌ಮನ್ನರದೇ ಹೆಸರು. ಆರು ವಾರದ ನಂತರ ತಾನೇ ಎತ್ತಬಹುದು, ಮೂರು ತಿಂಗಳ ನಂತರ ರಬ್ಬರ್ ಪಟ್ಟಿ ಎಳೆಯುವುದು, ಆರು ತಿಂಗಳ ನಂತರ ಭಾರದ ಕೆಲಸ. ಎರಡನೇ ತಿಂಗಳೇ ಅಪಾಯದ ಕಾಲ. ನೋವು ಹೋಗಿರುತ್ತದೆ, ರೋಗಿಗೆ ಧೈರ್ಯ ಬಂದಿರುತ್ತದೆ, ಬೆಸುಗೆ ಇನ್ನೂ ಹಸಿಯಾಗಿರುತ್ತದೆ. ನೀರು ತುಂಬಿದ ಬಕೆಟ್ ಒಂದನ್ನು ಎತ್ತಿ ಎಲ್ಲವನ್ನೂ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಹಾಗೂ ಬೀಡಿ ಸಿಗರೇಟು ಬಿಡದವರಿಗೆ ರಜ್ಜು ಬೆಸೆಯುವುದು ನಿಧಾನ. ಭುಜಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ನಿನಿಂದ ಕೆಲವು ವಾರ ನೋವು ತಗ್ಗುತ್ತದೆ, ಆದರೆ ಪದೇ ಪದೇ ಚುಚ್ಚಿಸಿಕೊಂಡರೆ ರಜ್ಜುವೇ ಮೆದುವಾಗುತ್ತದೆ. ಆಪರೇಷನ್ನಿಗೆ ಮೊದಲಿನ ತಿಂಗಳಲ್ಲಂತೂ ಬೇಡವೇ ಬೇಡ, ಸೋಂಕಿನ ಭಯವಿದೆ.

ನಮ್ಮ ಕೃಷಿಕರಿಗೆ ಹೇಳಿದ್ದು ಇಷ್ಟು: ಹೊಲಿಸಿಕೊಳ್ಳುವುದು ಬೇಕು, ಬೇಗ ಬೇಕು. ಕೀಹೋಲೋ ಮಿನಿ ಓಪನ್ನೋ ಎಂಬುದಕ್ಕಿಂತ ಯಾರ ಕೈ ಯಾವುದರಲ್ಲಿ ಪಳಗಿದೆ ಎಂಬುದನ್ನು ನೋಡಿ. ಅವರ ಊರಿಗೆ ಹತ್ತಿರದ ಶಸ್ತ್ರವೈದ್ಯರಿಗೆ ಮಿನಿ ಓಪನ್‌ನಲ್ಲಿ ಒಳ್ಳೆಯ ಅನುಭವವಿತ್ತು. ಫಿಸಿಯೋಥೆರಪಿಗೆ ವಾರಕ್ಕೆರಡು ಸಲ ಬಸ್ಸಿನಲ್ಲಿ ಹೋಗಿ ಬರುವ ದೂರ. ಮಗನಿಗೆ ಸ್ವಲ್ಪ ನಿರಾಸೆಯಾಯಿತು, ದೊಡ್ಡೂರಿನ ಕೀಹೋಲೇ ಆಗಬೇಕೆಂದು ಅವನ ಆಸೆ. ಅಕ್ಕ ಮಾತ್ರ ‘ಕಲೆ ನೋಡೋಕೆ ಯಾರು ಬರ್ತಾರೆ, ಮಾಡ್ಸು’ ಎಂದರಂತೆ.

ಆ ವರ್ಷದ ಕೊಯ್ಲಿನಲ್ಲಿ ಅವರು ಒಂದು ಕೊನೆಯನ್ನೂ ಎತ್ತಲಿಲ್ಲ; ಅಂಗಳದಲ್ಲಿ ಕುರ್ಚಿ ಹಾಕಿ ಕೂತು ಎಲ್ಲರನ್ನೂ ಗದರಿಸುವ ಕೆಲಸ. ಎಂಟು ತಿಂಗಳಿಗೆ ಮತ್ತೆ ತೋರಿಸಲು ಬಂದಾಗ ಕೈ ತಲೆಯ ಮೇಲೆ ಸಲೀಸಾಗಿ ಹೋಗುತ್ತಿತ್ತು. ಬೆನ್ನ ಹಿಂದಕ್ಕೆ ಪೂರ್ತಿ ಹೋಗುತ್ತಿರಲಿಲ್ಲ, ಬನಿಯನ್ ಹಾಕಲು ಇನ್ನೂ ಹೆಂಡತಿಯ ಸಹಾಯ ಬೇಕಂತೆ. ಹೊಲಿಗೆ ನಿಂತಿದೆಯೇ ನೋಡಲು ಮತ್ತೊಂದು ಸ್ಕ್ಯಾನ್ ಮಾಡಿಸೋಣವೇ ಎಂದು ಮಗ ಕೇಳಿದ. ಕೈ ಏಳುತ್ತಿದೆ, ನಿದ್ದೆ ಬರುತ್ತಿದೆ, ಅದಕ್ಕೆ ಯಾಕೆ ಖರ್ಚು ಎಂದೆ. ಸಂಕದ ಒಂದು ಬದಿಗೆ ಬಿದಿರಿನ ಕೈಹಿಡಿ ಕಟ್ಟಿಸಿದ್ದಾರಂತೆ.